ಗೋದಾವರಿ ತೀರದಲ್ಲಿ ರಾವಣ ವಿಚಾರ

ಹೋದ ವರ್ಷದ ರಾಜ್ಯೋತ್ಸವದಲ್ಲಿ ಆಗಬೇಕಾಗಿದ್ದ ಮಕ್ಕಳ ನಾಟಕ ಆಗಲಿಲ್ಲವೆಂಬುದು ನಮ್ಮ ಸಂಘದ ಸದಸ್ಯರೆಲ್ಲರಿಗೂ ತಿಳಿದ ಸಂಗತಿ. ಏಕೆ ಆಗಲಿಲ್ಲವೆಂಬುದು ಕೆಲವರಿಗೆ ಮಾತ್ರ ಗೊತ್ತು. ಅದಕ್ಕೆ ಕಾರಣ ರಾವಣ; ತಕ್ಕಮಟ್ಟಿಗೆ ನಾವೂ ಕಾರಣರು. ಆದ್ದರಿಂದ ಈ ವರ್ಷದ ಸಂಚಿಕೆಗೆ ಏನಾದರೂ ಬರೆದುಕೊಡಿರೆಂದು ಸಂಪಾದಕ ಮಿತ್ರರು ಕೇಳಿದಾಗ, ಆ ಋಣವನ್ನು ಈ ರೀತಿಯಲ್ಲಾದರೂ ತೀರಿಸೋಣವೆಂದು ಒಪ್ಪಿಕೊಂಡೆವು. ನಾವು ಸಂಶೋಧಕರಲ್ಲ, ಪಂಡಿತರಂತೂ ಅಲ್ಲವೇ ಅಲ್ಲ. ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತಿಕೆ ಮಾಡುವವರು. ರಜೆಯ ದಿನ ಓದಿದ್ದು, ಕಣ್ಣಾರೆ ಕಂಡದ್ದು, ಹಿರಿಯರಿಂದ ಕೇಳಿದ್ದು, ಇಷ್ಟೇ ನಮ್ಮ ಬಂಡವಾಳ.

ನಾಟಕದ ಹೆಸರು ‘ಪಂಚವಟಿ’. ನಾಸಿಕದಲ್ಲಿ ನೆಲೆಸಿದ ಕನ್ನಡ ಮಕ್ಕಳಿಗೆ ಇದಕ್ಕಿಂತ ತಕ್ಕ ವಸ್ತು ಯಾವುದಿದ್ದೀತು? ಶೂರ್ಪನಖಿಯ ಮೂಗನ್ನು ಲಕ್ಷ್ಮಣನು ಕೊಯ್ದ ಸ್ಥಳವಾದ್ದರಿಂದ ಇದು ನಾಸಿಕವೆಂದು ಇಲ್ಲಿ ರಿಕ್ಷಾ ನಡೆಸುವವನೂ ಹೇಳುತ್ತಾನೆ. ತಪೋವನದಲ್ಲಿ ಕಪಿಲಾ ನದಿಯು ಗೋದಾವರಿಯನ್ನು ಕೂಡುವ ಕಡೆ ಆ ಜಾಗವನ್ನೇ ತೋರಿಸುತ್ತಾರೆ. ಸೀತಾಗುಂಫೆಯ ಮುಂದೆ ಯಾತ್ರಿಕರ ಸಾಲು ಎಂದೂ ತಪ್ಪಿದ್ದಿಲ್ಲ. ಊರಿನ ಹೆಸರು ಮಾತ್ರ ಬಹು ಹಳೆಯದು. ಪಾಂಡವಲೇಣಿಯ ಬೌದ್ಧ ಗುಹೆಗಳಲ್ಲಿರುವ, ಎರಡು ಸಾವಿರ ವರ್ಷಕ್ಕೆ ಹತ್ತಿರವಾದ ಶಾಸನಗಳಲ್ಲಿಯೇ ಅದು ಕಾಣುತ್ತದೆ. ಒಂಬತ್ತು ಶಿಖರಗಳ ಊರು ಆದ್ದರಿಂದ ಈ ಹೆಸರೆಂದು ಹೇಳುವವರೂ ಇದ್ದಾರೆ. ಜನ ಕೇಳುವುದು ಮೂಗಿನ ಕಥೆಯನ್ನೇ.

ನಮ್ಮ ಹಿರಿಯ ಮಗ, ಒಂಬತ್ತು ವರ್ಷದವನು, ರಾವಣನ ಪಾತ್ರಕ್ಕೆ ನಿಂತನು. ಧ್ವನಿ ದೊಡ್ಡದು, ಕನ್ನಡ ಸ್ವಚ್ಛ, ಮತ್ತೇನು ಬೇಕು? ರಟ್ಟಿನಿಂದ ಹತ್ತು ತಲೆ ಕತ್ತರಿಸಿ ಬಣ್ಣ ಹಚ್ಚಿದ್ದಾಯಿತು. ಅಷ್ಟರಲ್ಲಿ ವಿಜಯದಶಮಿ ಬಂತು. ನಮ್ಮ ಬಾಗಲಕೋಟೆ ಕಡೆಯ ಹಳ್ಳಿಗಳಲ್ಲಿ ದಸರೆಯೆಂದರೆ ಬನ್ನಿ. ಬಂಗಾರವೆಂದು ಎಲೆ ಕೊಟ್ಟು ಹಿರಿಯರ ಕಾಲಿಗೆರಗುವುದು. ಇಲ್ಲಿಯೂ ಆಪಟೆಯ ಎಲೆಯನ್ನು ಚಿನ್ನವೆಂದು ಹಂಚುತ್ತಾರೆ, ಅಷ್ಟು ಮಟ್ಟಿಗೆ ನಮಗೆ ಪರಕೀಯವಾದುದೇನೂ ಇಲ್ಲ. ಆದರೆ ರಾವಣನನ್ನು ಸುಡುವುದನ್ನು ನಾವು ಬಾಲ್ಯದಲ್ಲಿ ಕಂಡಿರಲಿಲ್ಲ. ಮಗನು ಶಾಲೆಯ ಗೆಳೆಯರೊಡನೆ ಮೈದಾನಕ್ಕೆ ಹೋಗಿ ನೋಡಿಬಂದನು. ಇವನೇ ರಾವಣನೆಂದು ಗೆಳೆಯರಿಗೆ ಮೊದಲೇ ಗೊತ್ತಿತ್ತು. ಅವರು ಏನೆಂದು ಹಾಸ್ಯ ಮಾಡಿರಬಹುದೆಂದು ವಾಚಕರೇ ಊಹಿಸಬಹುದು. ಮನೆಗೆ ಬಂದವನು ರಟ್ಟಿನ ತಲೆಗಳನ್ನು ಕಪಾಟಿನ ಹಿಂದೆ ತುರುಕಿ, “ಅಪ್ಪಾ, ರಾವಣ ಖರೇನ ಕೆಟ್ಟಾಂವ ಏನು?” ಎಂದು ಕೇಳಿದನು.

ಹೌದೆಂದೆವು. ಎಲ್ಲ ತಂದೆಗಳೂ ಹಾಗೆಯೇ ಹೇಳುತ್ತಾರೆ.

“ಹಂಗಾರ ನನಗ್ಯಾಕ ಕೊಟ್ರಿ?”

ಇದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಮರುದಿನದ ತಾಲೀಮಿನಲ್ಲಿ ಹಿರಿಯರ ಮುಂದೆ ಈ ಪ್ರಶ್ನೆಯನ್ನು ಇಟ್ಟದ್ದೇ ನಾವು ಮಾಡಿದ ತಪ್ಪು. ಮಕ್ಕಳು ಒಂದು ಮೂಲೆಯಲ್ಲಿ ಚುರುಮುರಿ ತಿನ್ನುತ್ತ ಕುಳಿತರು; ದೊಡ್ಡವರು ಎರಡು ತಾಸು ವಾದ ಮಾಡಿದರು. ತಾಲೀಮು ಆ ದಿನವೂ ಆಗಲಿಲ್ಲ, ಮುಂದೆಯೂ ಆಗಲಿಲ್ಲ.

ವಾದದಲ್ಲಿ ಬಂದ ಮಾತುಗಳು ಮರೆಯುವಂಥವಲ್ಲ. ದಕ್ಷಿಣ ಕನ್ನಡದಿಂದ ಬಂದು ಇಲ್ಲಿ ಹೋಟೆಲು ನಡೆಸುವ ಹಿರಿಯರು ಮೊದಲು ಎದ್ದರು. ತಾಳಮದ್ದಳೆಯಲ್ಲಿ ರಾವಣನ ಅರ್ಥ ಕೇಳಿದವನು ಅವನನ್ನು ಕೆಟ್ಟವನೆಂದು ಒಂದೇ ಮಾತಿನಲ್ಲಿ ಹೇಳಲಾರನೆಂಬುದು ಅವರ ಪಕ್ಷ. ತಾಳಮದ್ದಳೆಯೆಂದರೇನೆಂದು ಬಯಲುಸೀಮೆಯ ನಮ್ಮಂಥವರಿಗೆ ತಿಳಿಯುವುದು ತಡವಾಗಿ: ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ ಹಾಡುತ್ತಾರೆ, ಅರ್ಥಧಾರಿಗಳು ಎದುರುಬದುರಾಗಿ ಕುಳಿತು ಆಯಾ ಪಾತ್ರವೇ ತಾವಾಗಿ ರಾತ್ರಿಯಿಡೀ ವಾದಿಸುತ್ತಾರೆ. ಕಾಸರಗೋಡು ಕಡೆಯ ಶೇಣಿ ಗೋಪಾಲಕೃಷ್ಣ ಭಟ್ಟರು (1918-2006) ರಾವಣ, ವಾಲಿ, ದುರ್ಯೋಧನರ ಪರವಾಗಿ ಮಾತನಾಡಲು ನಿಂತರೆ ಎದುರಿನ ರಾಮನಾದವನು ಬಹಳ ಸಿದ್ಧತೆಯಿಂದ ಬರಬೇಕಾಗುತ್ತಿತ್ತಂತೆ. ಕೇಳಿದವರು ಮನೆಗೆ ಹೋಗುವ ದಾರಿಯಲ್ಲಿ ಆ ವಾದವನ್ನು ಮುಂದುವರಿಸುತ್ತಿದ್ದರಂತೆ. “ನಮ್ಮ ಕುಂಬಳೆಯ ಪಾರ್ತಿಸುಬ್ಬ ಪಂಚವಟಿಯ ಪ್ರಸಂಗ ಬರೆದದ್ದು ಈ ನಿಮ್ಮ ಪಂಚವಟಿಯನ್ನು ನೋಡಿ ಅಲ್ಲ ಮಾರಾಯ್ರೆ, ಆದರೂ ನಮಗೆ ಈ ಊರು ಚಿಕ್ಕಂದಿನಿಂದಲೇ ಗೊತ್ತು” ಎಂದು ಅವರು ಸೇರಿಸಿದರು.

ಕುಮಟೆಯ ಕಡೆಯವರೊಬ್ಬರು ಗೋಕರ್ಣವನ್ನು ತಂದರು. ರಾವಣನು ತಪಸ್ಸು ಮಾಡಿ ಆತ್ಮಲಿಂಗವನ್ನು ತರದಿದ್ದರೆ ಮಹಾಬಲೇಶ್ವರನೆಲ್ಲಿ, ನಮ್ಮ ಊರೆಲ್ಲಿ? 1958ರ ‘ಭೂಕೈಲಾಸ’ ಚಿತ್ರದಲ್ಲಿ ರಾಜಕುಮಾರರು ರಾವಣನಾಗಿ ತಾಯಿಗಾಗಿ ತಪಸ್ಸಿಗೆ ಹೊರಟದ್ದನ್ನು ನೆನೆದು ಅವರ ಕಣ್ಣು ತೇವವಾಯಿತು. ಆ ರಾವಣನನ್ನು ಯಾರು ಸುಟ್ಟಾರು?

ನಿವೃತ್ತ ಶಿಕ್ಷಕರೊಬ್ಬರಿಗೆ ಇದು ಸಹನೆಯಾಗಲಿಲ್ಲ. ರಾಮನು ಕಾಲಿಟ್ಟ ಊರಿನಲ್ಲಿ ಅನ್ನ ತಿನ್ನುತ್ತ, ಕಾಳಾರಾಮನ ಗುಡಿಯ ಗಂಟೆ ಕೇಳುತ್ತ ರಾವಣನ ಹೊಗಳಿಕೆ ಮಾಡುವುದೇ? ಹೊಗಳಲೇಬೇಕೆಂದಿದ್ದರೆ ಅವನು ವೈಕುಂಠದ ದ್ವಾರಪಾಲಕನಾದ ಜಯನು, ಶಾಪದಿಂದ ಹುಟ್ಟಿ ವೈರದಿಂದ ಹರಿಯನ್ನು ಸೇರಿದವನು ಎಂದು ಹೇಳಿ ಅಲ್ಲಿಗೆ ಬಿಡಿರಿ ಎಂದರು. ಚಿಕ್ಕೋಡಿ ಕಡೆಯ ಜೈನ ವ್ಯಾಪಾರಿಗಳು ಅಷ್ಟು ಹೊತ್ತು ಸುಮ್ಮನಿದ್ದವರು, ನಮ್ಮ ಪುರಾಣದಲ್ಲಿ ರಾವಣ ರಾಕ್ಷಸನೇ ಅಲ್ಲ, ವಿದ್ಯಾಧರ ವಂಶದವನು. ಹತ್ತು ತಲೆಯೂ ಇಲ್ಲ ಎಂದು ಮೆಲ್ಲಗೆ ನುಡಿದಾಗ ಗದ್ದಲ ಇನ್ನೂ ಏರಿತು.

ಕೊನೆಗೆ ಸೀತೆಯ ಪಾತ್ರ ಮಾಡುತ್ತಿದ್ದ ಹುಡುಗಿಯ ತಾಯಿ, ಧಾರವಾಡದವರು, ಚಹದ ಬಟ್ಟಲುಗಳನ್ನು ಎತ್ತುತ್ತ, “ಅಲ್ರೀ, ಆವಾಗಿಂದ ನೋಡಾಕತ್ತೀನಿ, ಅಂವ ಶಾಣ್ಯಾ, ಭಕ್ತ, ತಾಯಿ ಮ್ಯಾಲ ಜೀವ ಅಂತ ಅಂವಂದ ಹೇಳಾಕತ್ತೀರಿ. ಹೊತ್ಕೊಂಡು ಹೋದದ್ದು ಯಾರನ್ನ? ಆಕಿನ್ನ ಒಬ್ಬರರ ಕೇಳಿದ್ರೇನು?” ಎಂದರು. ಯಾರೂ ಉತ್ತರ ಕೊಡಲಿಲ್ಲ. ಚಪ್ಪಲಿ ಹುಡುಕಿಕೊಂಡು ಮನೆಗೆ ಹೊರಟೆವು.

ಇದಾದ ಮೇಲೆ ಒಂದು ವರ್ಷ ಈ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಕನ್ನಡದಲ್ಲಿ ರಾವಣನನ್ನು ಕುರಿತು ಏನೇನಿದೆಯೆಂದು ಹುಡುಕಿ ಓದಿದೆವು. ಆ ತಾಯಿಯವರು ಕೇಳಿದ ಮಾತನ್ನು ನಮ್ಮ ಹಳೆಯ ಕವಿಗಳಲ್ಲಿ ಒಬ್ಬನು ಒಂಬತ್ತು ನೂರು ವರ್ಷಗಳ ಹಿಂದೆಯೇ ಕೇಳಿದ್ದನೆಂಬುದು ತಿಳಿದಾಗ ನಮಗೆ ಆಶ್ಚರ್ಯವೂ ಸಂತೋಷವೂ ಆಯಿತು.

ಆತನು ನಾಗಚಂದ್ರ, ಅಭಿನವ ಪಂಪನೆಂಬುದು ಬಿರುದು. ಸುಮಾರು 1100ರ ಹೊತ್ತಿನವನು. ವಿಜಾಪುರದಲ್ಲಿ ಮಲ್ಲಿಜಿನಾಲಯವನ್ನು ಕಟ್ಟಿಸಿದವನೆಂದು ಹೇಳುತ್ತಾರೆ. ಅವನ ‘ರಾಮಚಂದ್ರಚರಿತ ಪುರಾಣ’ಕ್ಕೆ ಜನ ಪಂಪರಾಮಾಯಣವೆನ್ನುವುದು ವಾಡಿಕೆ. ಪ್ರಾಕೃತದಲ್ಲಿ ವಿಮಲಸೂರಿ ಹೇಳಿದ ಜೈನ ರಾಮಕಥೆಯ ದಾರಿಯನ್ನೇ ಆತನು ಹಿಡಿದನು. ಆ ದಾರಿಯಲ್ಲಿ ನಮ್ಮ ನಾಸಿಕದವರು ತಬ್ಬಿಬ್ಬಾಗುವಂಥ ಸಂಗತಿಗಳಿವೆ. ವಿಮಲಸೂರಿಯಲ್ಲಿ ಮೂಗು ಕೊಯ್ಯುವ ಪ್ರಸಂಗವೇ ಇಲ್ಲ! ರಾವಣನ ತಂಗಿಯ ಹೆಸರು ಚಂದ್ರನಖಿ. ಅವಳ ಮಗ ಶಂಬೂಕನು ಸೂರ್ಯಹಾಸವೆಂಬ ಖಡ್ಗಕ್ಕಾಗಿ ಬಿದಿರ ಮೆಳೆಯಲ್ಲಿ ತಪಸ್ಸಿಗೆ ಕುಳಿತಿರುವಾಗ, ಖಡ್ಗದ ಹರಿತ ನೋಡಲು ಲಕ್ಷ್ಮಣನು ಮೆಳೆಗೆ ಬೀಸಿದ ಏಟಿನಿಂದ, ಅರಿಯದೆಯೇ, ಆ ಹುಡುಗನು ಸಾಯುತ್ತಾನೆ. ಅಲ್ಲಿಂದ ಕಲಹ ಬೆಳೆಯುತ್ತದೆ. ಕೊನೆಯಲ್ಲಿ ರಾವಣನನ್ನು ಕೊಲ್ಲುವವನು ರಾಮನಲ್ಲ, ಲಕ್ಷ್ಮಣ. ರಾವಣನಿಗೆ ಇರುವುದು ಒಂದೇ ತಲೆ. ಬಾಲ್ಯದಲ್ಲಿ ತೊಟ್ಟ ಹಾರದ ಒಂಬತ್ತು ರತ್ನಗಳಲ್ಲಿ ಅವನ ಮುಖ ಪ್ರತಿಬಿಂಬಿಸಿದ್ದರಿಂದ ದಶಮುಖನಾದನು. ಚಿಕ್ಕೋಡಿಯ ಮಿತ್ರರು ಮೆಲ್ಲಗೆ ಹೇಳಿದ್ದು ಇದನ್ನೇ.

ಇವೆಲ್ಲ ಕಥೆಯ ವ್ಯತ್ಯಾಸಗಳು. ನಮಗೆ ಮುಖ್ಯವಾದದ್ದು ಬೇರೆ. ವಾಲ್ಮೀಕಿ ರಾಮಾಯಣದಲ್ಲಿ ರಾವಣನು ಅಶೋಕವನದಲ್ಲಿ ಸೀತೆಯನ್ನು ಮುಟ್ಟದಿರುವುದಕ್ಕೆ ಶಾಪ ಕಾರಣ. ಒಲ್ಲದ ಹೆಣ್ಣನ್ನು ಬಲಾತ್ಕರಿಸಿದರೆ ತಲೆ ಸಿಡಿಯುವುದೆಂಬ ಭಯ. ಜೈನ ಕಥೆಯಲ್ಲಿ ಅದು ವ್ರತ. ತನ್ನನ್ನು ಒಲ್ಲದ ಪರಸತಿಯನ್ನು ಮುಟ್ಟೆನೆಂದು ಅವನು ತಾನಾಗಿಯೇ ಸ್ವೀಕರಿಸಿದ ನಿಯಮ. ಶಾಪಕ್ಕೂ ವ್ರತಕ್ಕೂ ಇರುವ ದೂರ ಸಣ್ಣದಲ್ಲ. ಪೋಲೀಸರ ಭಯಕ್ಕೆ ಕಳ್ಳತನ ಬಿಟ್ಟವನೂ ಮನಸ್ಸಿಗೆ ಒಪ್ಪದೆಂದು ಬಿಟ್ಟವನೂ ಒಂದೇ ಎಂದು ಯಾರೂ ಹೇಳುವುದಿಲ್ಲ. ಆದರೆ ಇಂಥ ವ್ರತಸ್ಥನೇ ಸೀತೆಯನ್ನು ಕಂಡು ಮನಸೋತು ಎತ್ತಿಕೊಂಡು ಹೋಗುತ್ತಾನೆ. ಒಳ್ಳೆಯವನೆಂದು ಒಪ್ಪಿದ ಮೇಲೆಯೇ ಅಪರಾಧ ಹೆಚ್ಚು ದೊಡ್ಡದಾಗುತ್ತದೆ. ಕೆಟ್ಟವನು ಕೆಟ್ಟದ್ದು ಮಾಡಿದರೆ ಅದರಲ್ಲಿ ಕಥೆಯೇನಿದೆ?

ಮುಂದೆ ಯುದ್ಧಕಾಲದಲ್ಲಿ ರಾವಣನು ಬಹುರೂಪಿಣೀ ವಿದ್ಯೆಯನ್ನು ಸಾಧಿಸಿಕೊಂಡು, ಇನ್ನು ತನಗೆ ಎದುರಿಲ್ಲವೆಂಬ ಉತ್ಸಾಹದಲ್ಲಿ ಸೀತೆಯ ಬಳಿಗೆ ಬರುತ್ತಾನೆ. ಇನ್ನು ರಾಮನು ಉಳಿಯನೆಂದು ಕೇಳಿದೊಡನೆ ಸೀತೆ ಮೂರ್ಛೆ ಹೋಗುತ್ತಾಳೆ. ನಾಗಚಂದ್ರನ ರಾವಣನು ಬದಲಾಗುವುದು ಅಲ್ಲಿ. ಯಾವ ಮುನಿಯೂ ಬಂದು ಉಪದೇಶಿಸಲಿಲ್ಲ, ದೇವತೆ ಪ್ರತ್ಯಕ್ಷಳಾಗಲಿಲ್ಲ, ಯುದ್ಧದಲ್ಲಿ ಸೋಲೂ ಆಗಿರಲಿಲ್ಲ. ತನ್ನಿಂದ ಒಬ್ಬ ಹೆಣ್ಣಿಗೆ ಎಂಥ ನೋವಾಯಿತೆಂಬುದನ್ನು ಎದುರಿಗೇ ಕಂಡನು, ಅಷ್ಟೆ. ಇವಳನ್ನೂ ಇವಳ ಪತಿಯನ್ನೂ ಅಗಲಿಸಿದೆನೆಂದು, ತಮ್ಮನ ಹಿತವಚನ ಕೇಳದೆ ಹೋದೆನೆಂದು ಪಶ್ಚಾತ್ತಾಪ ಪಡುತ್ತಾನೆ. ಸೀತೆಯನ್ನು ಹಿಂದಿರುಗಿಸಲು ನಿಶ್ಚಯಿಸುತ್ತಾನೆ.

ಹಾಗಾದರೆ ಆ ಕ್ಷಣವೇ ಏಕೆ ಕಳುಹಿಸಲಿಲ್ಲ? ಇಲ್ಲಿಯೇ ಕವಿಯ ಕೈ ಬಹು ಸೂಕ್ಷ್ಮವಾಗಿದೆ. ಈಗ ಕೊಟ್ಟರೆ ಹೆದರಿ ಕೊಟ್ಟನೆಂದು ಲೋಕ ಅಂದೀತು. ಮೊದಲು ರಾಮಲಕ್ಷ್ಮಣರನ್ನು ರಣದಲ್ಲಿ ಸೆರೆಹಿಡಿದು, ಆಮೇಲೆ ಗೌರವದಿಂದ ಒಪ್ಪಿಸುವೆನೆಂದು ಹೊರಡುತ್ತಾನೆ. ಹೋದವನು ಹಿಂದಿರುಗಲಿಲ್ಲ. ತಪ್ಪೆಂದು ತಿಳಿದಿದೆ, ಒಪ್ಪಿಕೊಂಡದ್ದೂ ಆಗಿದೆ. ನಾಲ್ಕು ಜನರ ಮುಂದೆ ತಲೆ ಬಗ್ಗಿಸಲು ಮಾತ್ರ ಮನಸ್ಸಿಲ್ಲ. ಇಂಥವರನ್ನು ನಾವು ಲಂಕೆಯವರೆಗೆ ಹೋಗಿ ಹುಡುಕಬೇಕಾಗಿಲ್ಲ. ನಮ್ಮ ನಮ್ಮ ಮನೆಗಳಲ್ಲಿ ಎಷ್ಟು ಜಗಳಗಳು ಇದೊಂದೇ ಕಾರಣಕ್ಕೆ ವರ್ಷಗಟ್ಟಲೆ ಮುಗಿಯದೆ ಉಳಿದಿಲ್ಲ? ಬಿ. ಎಂ. ಶ್ರೀಕಂಠಯ್ಯನವರು ಈ ರಾವಣನಲ್ಲಿ ಗ್ರೀಕರ ದುರಂತ ನಾಟಕಗಳ ನಾಯಕನನ್ನು ಕಂಡು ಅದನ್ನು ಕುರಿತು ಬರೆದರು. ಕನ್ನಡದ ವಿದ್ಯಾರ್ಥಿಗಳು ಅಂದಿನಿಂದ ಆ ಮಾತನ್ನು ಚರ್ಚಿಸುತ್ತಲೇ ಬಂದಿದ್ದಾರೆ. ರನ್ನನ ದುರ್ಯೋಧನನ ವಿಷಯವೂ ಹೀಗೆಯೇ. ಭೀಮನನ್ನು ನಾಯಕನೆಂದು ಕವಿ ಎಷ್ಟು ಸಾರಿದರೂ ಓದಿದವರಿಗೆ ಮರೆಯಲಾಗದವನು ದುರ್ಯೋಧನ. ಬಂಗಾಲದಲ್ಲಿ ಮೈಕೇಲ್ ಮಧುಸೂದನ ದತ್ತರ ‘ಮೇಘನಾದವಧ ಕಾವ್ಯ’ (1861), ಇಂಗ್ಲಿಷಿನಲ್ಲಿ ಮಿಲ್ಟನ್ ಕವಿಯ ಸೈತಾನ, ಇವುಗಳ ಸುತ್ತಲೂ ಇದೇ ವಾದ ನಡೆದಿದೆ. ಅದನ್ನು ಬಲ್ಲವರು ಹೇಳಲಿ.

ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ (1955ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, 1967ರಲ್ಲಿ ಜ್ಞಾನಪೀಠ) ಇದನ್ನು ಇನ್ನೂ ಮುಂದಕ್ಕೆ ಒಯ್ದಿತು. ಅಲ್ಲಿ ರಾವಣನು ಕನಸು ಕಾಣುತ್ತಾನೆ. ಆ ಕನಸಿನಲ್ಲಿ ತಾನೂ ತಮ್ಮ ಕುಂಭಕರ್ಣನೂ ಶಿಶುಗಳು, ಸೀತೆ ತಾಯಿ. ಬಯಸಿದ್ದ ಹೆಣ್ಣು ತಾಯಾಗಿ ಕಂಡ ಮೇಲೆ ಅವನಲ್ಲಿ ಉಳಿಯುವುದೇನು? ನಾಗಚಂದ್ರನಿಗೂ ಕುವೆಂಪು ಅವರಿಗೂ ನಡುವೆ ಎಂಟೂವರೆ ನೂರು ವರ್ಷ; ಒಬ್ಬರದು ಜೈನ ಮಾರ್ಗ, ಇನ್ನೊಬ್ಬರದು ಬೇರೆ ದರ್ಶನ. ಆದರೂ ಇಬ್ಬರೂ ರಾವಣನನ್ನು ತೂಗಲು ಹಿಡಿದ ತಕ್ಕಡಿ ಒಂದೇ: ಸೀತೆ. ಅವನ ಪಾಂಡಿತ್ಯವಲ್ಲ, ತಪಸ್ಸಲ್ಲ, ಶಿವಭಕ್ತಿಯೂ ಅಲ್ಲ.

ಮಧ್ಯೆ ಒಂದು ಮಾತು. ರಾಷ್ಟ್ರಕೂಟರ ಕಾಲದಲ್ಲಿ ಗುಣಭದ್ರಾಚಾರ್ಯರು ರಚಿಸಿದ ‘ಉತ್ತರಪುರಾಣ’ದಲ್ಲಿ ಸೀತೆ ರಾವಣ-ಮಂಡೋದರಿಯರ ಮಗಳು, ದೂರ ಮಾಡಿದ ಮಗುವನ್ನೇ ಅರಿಯದೆ ಬಯಸಿದನೆಂದು ಕಥೆ. ನಮ್ಮ ಜಾನಪದ ಗಾಯಕರ ಹಾಡೊಂದರಲ್ಲಿ ರಾವಣನೇ ಗರ್ಭ ಧರಿಸಿ, ಸೀನಿದಾಗ ಮಗು ಹುಟ್ಟಿ, ಸೀನಿನಿಂದ ಬಂದವಳು ಸೀತೆಯಾದಳು. ಎ. ಕೆ. ರಾಮಾನುಜನ್ ಅವರು ರಾಮಾಯಣಗಳ ಮೇಲಿನ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ಈ ಹಾಡನ್ನು ಲೋಕಕ್ಕೆ ಪರಿಚಯಿಸಿದ್ದಾರೆ. ಮಗನಿಗೆ ಇದನ್ನು ಹೇಳಿದಾಗ ಅವನು ಒಂದು ವಾರ ಸೀನಿದಾಗಲೆಲ್ಲ ಸುತ್ತ ನೋಡಿಕೊಳ್ಳುತ್ತಿದ್ದನು.

ಓದಿದ್ದು ಇಷ್ಟಾಯಿತು. ಆದರೆ ಮಗುವಿಗೆ ಹಳಗನ್ನಡ ಓದಿ ತಿಳಿಸುವುದು ಹೇಗೆ? ಕಣ್ಣಿಗೆ ತೋರಿಸಬೇಕು. ಎರಡನೆಯ ಶನಿವಾರ ಬ್ಯಾಂಕಿಗೆ ರಜೆ. ಬೆಳಗಿನ ಜಾವದ ಬಸ್ಸು ಹಿಡಿದು ಛತ್ರಪತಿ ಸಂಭಾಜಿನಗರಕ್ಕೆ, 2023ರವರೆಗೆ ಔರಂಗಾಬಾದೆಂದು ಕರೆಯಲಾಗುತ್ತಿದ್ದ ಊರಿಗೆ, ಹೋಗಿ ಅಲ್ಲಿಯ ಕನ್ನಡ ಬಂಧುಗಳ ಮನೆಯಲ್ಲಿ ಉಂಡು, ಮರುದಿನ ಎಲ್ಲರೂ ಕೂಡಿ ಎಲ್ಲೋರಕ್ಕೆ ಹೊರಟೆವು. ನಗರದಿಂದ ಸುಮಾರು 30 ಕಿಲೋಮೀಟರು. ಇಲ್ಲಿಯವರು ವೇರುಳವೆನ್ನುತ್ತಾರೆ, ಹಳೆಯ ತಾಮ್ರಪಟದಲ್ಲಿ ಎಲಾಪುರ. (ಮಂಗಳವಾರ ಗುಹೆಗಳು ಮುಚ್ಚಿರುತ್ತವೆ, ನಮ್ಮವರೊಬ್ಬರು ಊರಿನಿಂದ ಬಂದ ಬೀಗರನ್ನು ಮಂಗಳವಾರ ಕರೆದೊಯ್ದು ಬಿಸಿಲಿನಲ್ಲಿ ನಿಲ್ಲಿಸಿದ್ದುಂಟು.)

ಎಲ್ಲೋರದ ಹದಿನಾರನೆಯ ಗುಹೆಯಾದ ಕೈಲಾಸನಾಥ ದೇವಾಲಯವನ್ನು ಕಂಡ ಕನ್ನಡಿಗನ ಎದೆ ಉಬ್ಬದೆ ಇರಲಾರದು. ರಾಷ್ಟ್ರಕೂಟರ ಒಂದನೆಯ ಕೃಷ್ಣನು (ಆಳ್ವಿಕೆ ಸುಮಾರು 756-773) ಮಾಡಿಸಿದ್ದು. ಕಟ್ಟಿದ್ದಲ್ಲ, ಬೆಟ್ಟವನ್ನು ಮೇಲಿನಿಂದ ಕೆಳಕ್ಕೆ ಕಡಿಯುತ್ತ ಬಂದು ಬಿಡಿಸಿದ್ದು. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯವೇ ಇದಕ್ಕೆ ಮಾದರಿಯೆಂದು ವಿದ್ವಾಂಸರು ಹೇಳುತ್ತಾರೆ. ಪಟ್ಟದಕಲ್ಲು ನಮ್ಮ ಜಿಲ್ಲೆಯದೇ. ಚಿಕ್ಕಂದಿನಲ್ಲಿ ಶಾಲೆಯ ಪ್ರವಾಸದಲ್ಲಿ ಅಲ್ಲಿಯ ರಾವಣನನ್ನು ಕಂಡಿದ್ದೆವು. ಇಲ್ಲಿ ಮತ್ತೆ ಅವನನ್ನು ಕಂಡಾಗ ನೆಂಟನನ್ನು ಕಂಡಂತಾಯಿತು. ಇದೇ ವಂಶದ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ವು ಕನ್ನಡ ನಾಡಿನ ಎಲ್ಲೆಯನ್ನು ಕಾವೇರಿಯಿಂದ ಗೋದಾವರಿಯವರೆಗೆ ಹೇಳಿತು. ಆ ಗೋದಾವರಿಯ ನೀರನ್ನೇ ನಾವು ನಾಸಿಕದಲ್ಲಿ ಕುಡಿಯುತ್ತಿದ್ದೇವೆ. ಇದನ್ನು ಹೆಮ್ಮೆಗೆ ಹೇಳಿದ್ದೇ ಹೊರತು ಹಕ್ಕಿಗೆ ಅಲ್ಲ. ಅನ್ನ ಕೊಟ್ಟ ನಾಡಿನವರು ನಮ್ಮನ್ನು ಎಂದೂ ಹೊರಗಿನವರೆಂದು ಕಂಡಿಲ್ಲ.

ಪ್ರಕೃತ ವಿಷಯಕ್ಕೆ ಬರೋಣ. ಸಂಘದಲ್ಲಿ ಎರಡು ತಾಸು ನಡೆದ ವಾದವೆಲ್ಲ ಈ ಒಂದೇ ದೇವಾಲಯದಲ್ಲಿ ಕಲ್ಲಾಗಿ ನಿಂತಿದೆ. ಅಂಗಳದ ಉತ್ತರದ ಮೊಗಸಾಲೆಯಲ್ಲಿ ರಾವಣನು ತನ್ನ ಒಂಬತ್ತು ತಲೆಗಳನ್ನು ಶಿವಲಿಂಗಕ್ಕೆ ಅರ್ಪಿಸಿ ಹತ್ತನೆಯದನ್ನೂ ಕೊಡಲು ಸಿದ್ಧನಾಗಿದ್ದಾನೆ. ಕುಮಟೆಯವರ ರಾವಣ! ದಕ್ಷಿಣ ಪಾರ್ಶ್ವದಲ್ಲಿ ಸಾಲುಸಾಲಾಗಿ ರಾಮಾಯಣ ಕಥೆ. ಆ ಕಡೆಯಲ್ಲಿಯೇ ಸೀತೆಯನ್ನು ಒಯ್ಯುವ ರಾವಣನೂ ಅಡ್ಡ ಬಂದ ಜಟಾಯುವೂ. ಇದು ನಮ್ಮ ಶಿಕ್ಷಕರ ರಾವಣ. ಅದೇ ದಕ್ಷಿಣದಲ್ಲಿ, ಕೆಳಗೆ, ಆಳವಾಗಿ ಕೊರೆದ ನೆರಳಿನಲ್ಲಿ, ಕೈಲಾಸವನ್ನು ಅಲುಗಿಸುವ ರಾವಣ. ಮೂವರೂ ಇರುವುದು ಒಂದೇ ದೇವಾಲಯದಲ್ಲಿ. ಒಂದನ್ನು ಇಟ್ಟು ಇನ್ನೊಂದನ್ನು ಅಳಿಸಬೇಕೆಂದು ಆ ಶಿಲ್ಪಿಗಳಿಗೆ ಅನಿಸಲಿಲ್ಲ.

ಗುಮಾಸ್ತರಾದ ನಮಗೆ ಇದು ಸುಲಭವಾಗಿ ತಿಳಿಯುತ್ತದೆ. ಖಾತೆಯಲ್ಲಿ ತಪ್ಪು ನಮೂದು ಬಿದ್ದರೆ ಅದನ್ನು ಒರೆಸುವಂತಿಲ್ಲ. ಎದುರು ನಮೂದು ಹಾಕಬೇಕು. ಎರಡೂ ಪುಸ್ತಕದಲ್ಲಿ ಉಳಿಯುತ್ತವೆ. ತಲೆ ಅರ್ಪಿಸಿದ್ದು ಜಮಾ ಆದರೆ ಸೀತೆಯನ್ನು ಒಯ್ದದ್ದು ಖರ್ಚು ಬೀಳದೆ ಹೋಗುವುದಿಲ್ಲ. ಖರ್ಚು ಬಿದ್ದಿತೆಂದು ಜಮಾ ಸುಳ್ಳಾಗುವುದೂ ಇಲ್ಲ. ಮೈದಾನದಲ್ಲಿ ಸುಡುವವರು ಒಂದು ಪುಟ ಓದುತ್ತಾರೆ, ನಮ್ಮ ಹೋಟೆಲಿನ ಹಿರಿಯರು ಇನ್ನೊಂದು ಪುಟ.

ಕೈಲಾಸವನ್ನು ಅಲುಗಿಸುವ ಶಿಲ್ಪದ ಮುಂದೆ ನಾವು ಬಹಳ ಹೊತ್ತು ನಿಂತೆವು. ಮೇಲೆ ಶಿವನು ನಿಶ್ಚಿಂತನಾಗಿ ಕುಳಿತಿದ್ದಾನೆ. ಕಾಲ್ಬೆರಳಿನಿಂದ ಒತ್ತಿದರೆ ಸಾಕು. ಕೆಳಗೆ ರಾವಣನು ಹಲವು ತೋಳುಗಳನ್ನು ಹರಡಿ ಬೆಟ್ಟಕ್ಕೆ ಹೆಗಲು ಕೊಟ್ಟಿದ್ದಾನೆ. ಸಿಕ್ಕಿಕೊಂಡು ಅವನು ಕೂಗಿದ ಕೂಗಿಗೆ ಲೋಕ ನಡುಗಿತೆಂದೂ, ಅದರಿಂದಲೇ ರಾವಣನೆಂಬ ಹೆಸರು ಬಂತೆಂದೂ, ಶಿವನನ್ನು ಸ್ತುತಿಸಿ ಅನುಗ್ರಹ ಪಡೆದನೆಂದೂ ಉತ್ತರಕಾಂಡದ ಕಥೆ. ಎಲ್ಲೋರದವರಿಗೆ ಈ ಪ್ರಸಂಗ ಎಷ್ಟು ಪ್ರಿಯವಾಗಿತ್ತೆಂದರೆ 14, 21, 29ನೆಯ ಗುಹೆಗಳಲ್ಲಿಯೂ ಇದನ್ನೇ ಕೆತ್ತಿದ್ದಾರೆ. ಹದಿನಾಲ್ಕನೆಯದನ್ನಂತೂ ಜನ ರಾವಣನ ಹೆಸರಿನಿಂದಲೇ ಕರೆಯುತ್ತಾರೆ. ಜೈನ ಕಥೆಯಲ್ಲಿಯೂ ಅವನು ಈ ಬೆಟ್ಟವನ್ನು ಎತ್ತುತ್ತಾನೆ, ಅಲ್ಲಿಯೂ ಕಾಲ್ಬೆರಳಿಗೆ ಸಿಕ್ಕಿ ಕೂಗುತ್ತಾನೆ; ಆದರೆ ಬೆರಳು ಶಿವನದಲ್ಲ, ಬೆಟ್ಟದ ಮೇಲೆ ತಪಸ್ಸಿಗೆ ನಿಂತ ವಾಲಿಮುನಿಯದು. ಎಲ್ಲೋರದ ಜೈನ ಗುಹೆಗಳು ಅಲ್ಲಿಂದ ಸ್ವಲ್ಪ ದೂರದಲ್ಲೇ ಇವೆ.

ನಾವು ರಾವಣನ ತೋಳುಗಳನ್ನು ಎಣಿಸುತ್ತಿರುವಾಗ ಮಗನು, “ಅಪ್ಪಾ, ಆಕಿ ಯಾಕ ಓಡಾಕತ್ಯಾಳ?” ಎಂದನು.

ಯಾರೆಂದು ನೋಡಿದೆವು. ಶಿವನ ಬಳಿಯಲ್ಲಿ ಪಾರ್ವತಿ, ಬೆಟ್ಟ ಅಲುಗಿದ್ದಕ್ಕೆ ಬೆದರಿ ಪತಿಯ ತೋಳನ್ನು ಬಿಗಿಯಾಗಿ ಹಿಡಿದಿದ್ದಾಳೆ. ಅವಳ ಹಿಂದೆ ಒಬ್ಬ ಸಖಿ, ಬೆನ್ನು ತಿರುಗಿಸಿ ಓಡಿಹೋಗುತ್ತಿದ್ದಾಳೆ. ಆ ಚಿತ್ರವನ್ನು ನಾವು ಪುಸ್ತಕಗಳಲ್ಲಿ ಎಷ್ಟು ಸಲ ನೋಡಿದ್ದೆವೋ, ಅವಳನ್ನು ನೋಡಿರಲಿಲ್ಲ. ರಾವಣನ ಭಕ್ತಿಯ ಕಥೆಯೆಂದು ಹೇಳುವ ಶಿಲ್ಪದಲ್ಲಿಯೂ ಭಯ ಪಟ್ಟವರು ಇಬ್ಬರು ಹೆಂಗಸರು, ಮತ್ತು ಶಿಲ್ಪಿ ಅದನ್ನು ಮರೆಯಲಿಲ್ಲ. ಧಾರವಾಡದ ಆ ತಾಯಿಯವರು ನಮ್ಮೊಡನೆ ಇದ್ದಿದ್ದರೆ ಏನನ್ನುತ್ತಿದ್ದರೋ ಎಂದು ನೆನೆದೆವು.

“ಹೆದರ್ಯಾಳ” ಎಂದೆವು.

“ರಾವಣಗ ಗೊತ್ತೈತೇನು?”

“ಕೆಳಗ ಅದಾನಲ್ಲ, ಅಂವಗ ಕಾಣಾಂಗಿಲ್ಲ.”

ಅವನು ಸ್ವಲ್ಪ ಹೊತ್ತು ನೋಡಿ, “ಕಂಡಿದ್ರ?” ಎಂದನು. ಕಂಡಾಗ ಏನಾಯಿತೆಂಬುದನ್ನು, ನಾಗಚಂದ್ರನು ಹೇಳಿದ ಸೀತೆಯ ಮೂರ್ಛೆಯ ಕಥೆಯನ್ನು, ಅಲ್ಲಿಯೇ ಕಲ್ಲಿನ ಮೆಟ್ಟಿಲ ಮೇಲೆ ಕುಳಿತು ಅವನಿಗೆ ಹೇಳಿದೆವು. ನಮ್ಮ ಮನೆಯವರೂ ಕೇಳಿದರು, ಸಂಭಾಜಿನಗರದ ಬಂಧುಗಳ ಇಬ್ಬರು ಹೆಣ್ಣುಮಕ್ಕಳೂ ಬಂದು ಕುಳಿತರು. ತಪ್ಪು ತಿಳಿದ ಮೇಲೂ ಯುದ್ಧಕ್ಕೆ ಏಕೆ ಹೋದನೆಂದು ಆ ಹುಡುಗಿಯರಲ್ಲಿ ಚಿಕ್ಕವಳು ಕೇಳಿದಳು. ನಾಚಿಕೆಯಾಯಿತು, ಅದಕ್ಕೆ ಹೋದನೆಂದು ನಮ್ಮ ಮಗನೇ ಉತ್ತರ ಕೊಟ್ಟನು. ಖರೇನ ಕೆಟ್ಟವನೋ ಎಂಬ ಪ್ರಶ್ನೆಯನ್ನು ಅವನು ಮತ್ತೆ ಕೇಳಲಿಲ್ಲ, ನಾವೂ ಎತ್ತಲಿಲ್ಲ. ನಾಸಿಕಕ್ಕೆ ಬರುವ ಬಸ್ಸಿನಲ್ಲಿ, ಈ ಸಲ ನಾಟಕ ಆದರೆ ತಾನು ರಾವಣನಾಗುವೆನೆಂದು ತಾಯಿಗೆ ಹೇಳಿದನಂತೆ. ನಾವು ನಿದ್ದೆ ಹೋಗಿದ್ದೆವು.

ಆದ್ದರಿಂದ ಈ ವರ್ಷ ‘ಪಂಚವಟಿ’ ಆಗುತ್ತದೆ. ಹೋಟೆಲಿನ ಹಿರಿಯರು ಮಾತುಗಳನ್ನು ತಿದ್ದಿಕೊಟ್ಟಿದ್ದಾರೆ. ಶಿಕ್ಷಕರು ರಾಮನ ಪಾತ್ರದವನಿಗೆ ಉಚ್ಚಾರ ಹೇಳಿಕೊಡುತ್ತಿದ್ದಾರೆ. ಇಬ್ಬರೂ ಒಂದೇ ಕೋಣೆಯಲ್ಲಿ ಕುಳಿತು ಕೆಲಸ ಮಾಡಿದರೆಂಬುದನ್ನು ದಾಖಲೆಗಾಗಿ ಬರೆದಿಡುತ್ತೇವೆ. ಕೊನೆಯಲ್ಲಿ ಅಶೋಕವನದ ಒಂದು ದೃಶ್ಯ ಹೊಸದಾಗಿ ಸೇರಿದೆ. ಅದರಲ್ಲಿ ಸೀತೆಗೆ ಹೋದ ವರ್ಷಕ್ಕಿಂತ ಹೆಚ್ಚು ಮಾತುಗಳಿವೆ; ಅವುಗಳಲ್ಲಿ ಅರ್ಧವನ್ನು ಬರೆದವರು ಅವಳ ತಾಯಿ.

ರಟ್ಟಿನ ಹತ್ತು ತಲೆಗಳನ್ನು ಬಿಟ್ಟೆವು. ಚಿಕ್ಕೋಡಿಯ ಮಿತ್ರರ ಸಲಹೆಯಂತೆ ಒಂದು ಹಾರಕ್ಕೆ ಒಂಬತ್ತು ಸಣ್ಣ ಕನ್ನಡಿಗಳನ್ನು, ಲಂಬಾಣಿಯವರ ಲಂಗಕ್ಕೆ ಹಾಕುವಂಥವನ್ನು, ಹೊಲಿಸಿದ್ದೇವೆ. ದೀಪದ ಬೆಳಕಿನಲ್ಲಿ ಅದನ್ನು ತೊಟ್ಟು ಅವನು ತಗ್ಗಿ ನೋಡಿದರೆ ಒಂಬತ್ತರಲ್ಲಿಯೂ ಅವನ ಮುಖವೇ. ನಿನ್ನೆಯ ತಾಲೀಮಿನಲ್ಲಿ ಜಟಾಯುವಿನ ರೆಕ್ಕೆ ತಗುಲಿ ಅದರಲ್ಲೊಂದು ಕನ್ನಡಿ ಕಿತ್ತುಬಂದಿದೆ. ಒಂದನೆಯ ತಾರೀಖಿನೊಳಗೆ ಅದನ್ನು ಹೊಲಿಯಬೇಕು.